ಶನಿವಾರ ಒಪ್ಪತ್ತು, ಭಾನುವಾರ ಬಾಡು

ಮೊಟ್ಟೆಯಿಂದ ಹೊರಬಿದ್ದ ದಿನ ಮೂರು ಮಿಲಿಮೀಟರ್ ಉದ್ದ, ಅರ್ಧ ಮಿಲಿಗ್ರಾಮಿನಷ್ಟು ತೂಕ. ಇಪ್ಪತ್ತೈದು ದಿನ ಕಳೆಯಲಿ, ಅದೇ ಜೀವ ನಾಲ್ಕೈದು ಗ್ರಾಂ ತೂಗುತ್ತದೆ. ಲೆಕ್ಕ ಹಾಕಿ ನೋಡಿ: ಹತ್ತು ಸಾವಿರ ಪಟ್ಟು! ಮೂರು ಕಿಲೋ ಕೂಸು ತಿಂಗಳು ತುಂಬುವುದರೊಳಗೆ ಮೂವತ್ತು ಟನ್ ಆದಂತೆ. ಈ ಪವಾಡ ಎಲ್ಲೋ ಪ್ರಯೋಗಶಾಲೆಯಲ್ಲಿ ನಡೆಯುವುದಲ್ಲ. ಕನಕಪುರ ರಸ್ತೆ ಹಿಡಿದು ಹಾರೋಹಳ್ಳಿಗೆ ಬಂದು, ಅಲ್ಲಿಂದ ಮರಳವಾಡಿ ಕಡೆ ತಿರುಗಿದರೆ ಸಾಕು. ರಸ್ತೆಯ ಎರಡೂ ಬದಿಗೆ ಹಿಪ್ಪುನೇರಳೆ ತೋಟ, ತೋಟದ ಪಕ್ಕದಲ್ಲೇ ರೇಷ್ಮೆ ಹುಳದ ಮನೆ, ಒಳಗೆ ಸೊಪ್ಪು ಮೇಯುವ ಚರಚರ ಸದ್ದು.

ಇಷ್ಟು ಬೇಗ ಮೈ ಕಟ್ಟುವ ಹುಳು ಬಾಯಿಗೆ ಬಿಡುವು ಕೊಡದೆ ತಿನ್ನುತ್ತಿರಬೇಕು ಅಂತ ಅಂದುಕೊಳ್ಳುತ್ತೀರಿ ಅಲ್ಲವೇ? ಇಲ್ಲ! ಆ ಇಪ್ಪತ್ತೈದು ದಿನದಲ್ಲಿ ನಾಲ್ಕು ಸಲ ಅದು ಸೊಪ್ಪು ಮುಟ್ಟುವುದಿಲ್ಲ. ಒಂದೊಂದು ಸಲವೂ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ. ಹುಳು ಜ್ವರಕ್ಕೆ ಹೋಯಿತು ಅನ್ನುತ್ತಾರೆ ಸಾಕುವವರು. ಬಗ್ಗಿ ಹತ್ತಿರದಿಂದ ನೋಡಬೇಕು ಅದನ್ನು. ತಲೆ ಮೇಲೆತ್ತಿ, ಅಲ್ಲಾಡದೆ ನಿಂತಿರುತ್ತದೆ. ಚರ್ಮ ಬಿಗಿದು ಮಿರಮಿರ ಮಿಂಚುತ್ತದೆ. ತಲೆಯ ಹಿಂಬದಿಗೆ ಚಿಕ್ಕದೊಂದು ಕಪ್ಪು ತ್ರಿಕೋನ ಮೂಡಿರುತ್ತದೆ. ಹಳೇ ತಲೆಯ ಹಿಂದೆ ಹೊಸ ತಲೆ ತಯಾರಾಗುತ್ತಿರುವ ಗುರುತು ಅದು. ಆ ಹೊತ್ತಿಗೆ ಸೊಪ್ಪು ಹಾಕಬಾರದು, ತಟ್ಟೆ ಅಲ್ಲಾಡಿಸಬಾರದು, ಹಾಸು ಒಣಗಿರಲಿ ಅಂತ ಮೇಲೆ ಸುಣ್ಣದ ಪುಡಿ ಎರಚಬೇಕು. ಜ್ವರ ಎದ್ದ ಮೇಲೆ ನೋಡಿ ಆಟ! ನಾಲ್ಕನೇ ಜ್ವರ ಎದ್ದ ಹುಳು, ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆ ಹತ್ತುವ ಮುಂಚಿನ ಏಳೆಂಟು ದಿನದಲ್ಲಿ, ಜೀವಮಾನದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚನ್ನು ತಿಂದು ಮುಗಿಸುತ್ತದೆ.

ಅಂದರೆ ದಿನಕ್ಕಿಷ್ಟು ಅಂತ ಅಳೆದಿಟ್ಟು ತಿನ್ನುವ ಜಾಯಮಾನ ಅದರದ್ದಲ್ಲ. ಒಂದು ದಿನ ಏನೂ ಇಲ್ಲ, ಇನ್ನೊಂದು ದಿನ ಹೊಟ್ಟೆ ಬಿರಿಯುವಷ್ಟು. ಅದು ಹಸಿದಿರುವುದು ಹಳೇ ಚರ್ಮ ಕಳಚಿ ಬೆಳೆಯುವುದಕ್ಕೆ, ತೆಳ್ಳಗಾಗುವುದಕ್ಕಲ್ಲ, ಆ ಮಾತು ಬೇರೆ. ಆದರೆ ದಿನಾ ಒಂದೇ ಅಳತೆಯಲ್ಲಿ ಉಣ್ಣುವುದೇ ಪ್ರಕೃತಿಯ ನಿಯಮ ಅಂತ ನಮ್ಮ ತಲೆಗೆ ತುಂಬಿದವರು ಯಾರು? ಹುಳು ಹಾಗೆ ತಿನ್ನುವುದಿಲ್ಲ. ಅದನ್ನು ಸಾಕುವ ಮನೆಯವರೂ ಹಾಗೆ ಉಂಡವರಲ್ಲ. ಈ ಎರಡನೇ ಸಂಗತಿಯೇ ನನ್ನನ್ನು ಕೂತಲ್ಲಿ ಕೂರಗೊಡದೆ ಇದನ್ನು ಬರೆಯಿಸುತ್ತಿರುವುದು.

ಮೊದಲು ಸಮಸ್ಯೆ ಏನು ಅಂತ ಹೇಳಿಬಿಡುತ್ತೇನೆ, ಎಲ್ಲರಿಗೂ ಗೊತ್ತಿರುವುದೇ. ತೂಕ ಇಳಿಸಬೇಕು ಅಂತ ಹೊರಡುತ್ತೇವೆ. ಮೂರು ಮುದ್ದೆ ಎರಡಾಗುತ್ತದೆ, ಸಂಜೆಯ ಬೋಂಡ ಬಿಟ್ಟುಹೋಗುತ್ತದೆ, ಕಾಫಿಗೆ ಸಕ್ಕರೆ ನಿಲ್ಲುತ್ತದೆ. ಮೊದಲ ತಿಂಗಳು ಮೂರು ಕಿಲೋ, ಎರಡನೇ ತಿಂಗಳು ಒಂದೂವರೆ. ಅಲ್ಲಿಗೆ ತಕ್ಕಡಿಯ ಮುಳ್ಳು ಗಪ್‌ಚಿಪ್! ಎರಡು ಮುದ್ದೆ ಒಂದು ಮಾಡಿದರೂ ಇಲ್ಲ, ಬೆಳಗ್ಗೆ ಕೆರೆ ಏರಿ ಮೇಲೆ ನಡೆದರೂ ಇಲ್ಲ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೂತು ಕೆಲಸ ಮಾಡುವ ಹುಡುಗರಿಂದ ಹಿಡಿದು ಬೆಂಗಳೂರಿನ ಜಿಮ್ಮುಗಳವರೆಗೆ ಇದೇ ಗೋಳು.

ಮುಳ್ಳು ಯಾಕೆ ನಿಲ್ಲುತ್ತದೆ? ಉತ್ತರ ಹುಡುಕುತ್ತ ಹೋದರೆ ಮರಳವಾಡಿಯಿಂದ ಹೆಚ್ಚು ದೂರವಿಲ್ಲದ ಬೆಂಗಳೂರಿನ ಕೋರಮಂಗಲಕ್ಕೇ ಬಂದು ನಿಲ್ಲುತ್ತೇವೆ. ಅಲ್ಲಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ 1980ರ ದಶಕದಿಂದ ಪ್ರಕಾಶ್ ಶೆಟ್ಟಿ, ಮಾರಿಯೋ ಸೋರೆಸ್, ಅನುರ ಕುರ್ಪಾಡ್ ಮುಂತಾದವರು ನಮ್ಮ ಜನರ ಮೈ ಸುಮ್ಮನೆ ಮಲಗಿದ್ದಾಗ ಎಷ್ಟು ಶಕ್ತಿ ಉರಿಸುತ್ತದೆ ಅನ್ನುವುದನ್ನು ಅಳೆಯುತ್ತ ಬಂದರು. ಅವರು ಅಳೆದದ್ದು ಬೊಜ್ಜಿನವರನ್ನಲ್ಲ. ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿ ದುಡಿದ ಕೂಲಿಕಾರರೂ ಅದರಲ್ಲಿದ್ದರು. ಇಂಥ ಅಳತೆ ಹೇಗಿರುತ್ತದೆ ಗೊತ್ತೇ? ರಾತ್ರಿ ಊಟವಾಗಿ ಹನ್ನೆರಡು ಗಂಟೆ ಕಳೆದಿರಬೇಕು. ಚಳಿಯೂ ಸೆಕೆಯೂ ಇಲ್ಲದ ಕೋಣೆಯಲ್ಲಿ, ಎಚ್ಚರವಾಗಿದ್ದು, ಬೆರಳು ಕೂಡ ಅಲ್ಲಾಡಿಸದೆ ಮಲಗಿರಬೇಕು. ಮುಖದ ಮೇಲೆ ಪಾರದರ್ಶಕ ಮುಸುಕು. ಒಳಹೋದ ಆಮ್ಲಜನಕ ಎಷ್ಟು, ಹೊರಬಂದ ಇಂಗಾಲದ ಡೈಆಕ್ಸೈಡ್ ಎಷ್ಟು, ಅಷ್ಟೇ ಲೆಕ್ಕ. ಮಧ್ಯಮ ಗಾತ್ರದ ಗಂಡಸು ಹೀಗೆ ಮಲಗಿ ನಿಮಿಷಕ್ಕೆ ಸುಮಾರು ಕಾಲು ಲೀಟರ್ ಆಮ್ಲಜನಕ ಬಳಸುತ್ತಾನೆ. ಒಂದು ಲೀಟರ್ ಆಮ್ಲಜನಕಕ್ಕೆ ಹತ್ತಿರ ಹತ್ತಿರ 5 ಕ್ಯಾಲೊರಿ. ದಿನಕ್ಕೆ ಗುಣಿಸಿ: 1,800! ಏನೂ ಮಾಡದೆ, ಬರೀ ಬದುಕಿರುವುದಕ್ಕೆ! ಉಸಿರು ಅಳೆದು ಊಟದ ಲೆಕ್ಕ ಹೇಳುವ ಈ ಚಮತ್ಕಾರಕ್ಕೆ ನಾನಂತೂ ಮರುಳಾಗಿದ್ದೇನೆ.

ಅರೆಹೊಟ್ಟೆಯ ಕೂಲಿಕಾರನ ಮೈ ಒಟ್ಟು ಲೆಕ್ಕದಲ್ಲಿ ಕಡಿಮೆ ಉರಿಸುತ್ತದೆ, ಮುಖ್ಯವಾಗಿ ಆ ಮೈಯೇ ಚಿಕ್ಕದಾಗಿರುವುದರಿಂದ. ಡಯಟ್ ಮಾಡಿದವನಿಗೂ ಇದೇ ಮೊದಲ ಪೆಟ್ಟು. ಎಂಬತ್ತು ಕಿಲೋ ಇದ್ದಾಗ ಕಡಿಮೆ ಅನ್ನಿಸಿದ ಊಟ ಎಪ್ಪತ್ತೆರಡಕ್ಕೆ ಇಳಿದಾಗ ಸರಿಸಮ ಆಗಿಬಿಡುತ್ತದೆ. ಆದರೆ ಕತೆ ಇಷ್ಟಕ್ಕೇ ಮುಗಿಯುವುದಿಲ್ಲ. ಮೈ ಇದಕ್ಕಿಂತ ಜಾಣ.

ಎರಡನೇ ಮಹಾಯುದ್ಧದ ಕೊನೆಗಾಲ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದ ಕೆಳಗಿನ ಕೋಣೆಗಳಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಗಟ್ಟಿಮುಟ್ಟಾದ ಯುವಕರನ್ನು ಅವರ ಒಪ್ಪಿಗೆಯ ಮೇಲೆ ಅರೆಹೊಟ್ಟೆಯಲ್ಲಿಟ್ಟ. 24 ವಾರ, ಆಲೂಗಡ್ಡೆ, ಗೆಡ್ಡೆ, ಕಂದು ಬ್ರೆಡ್ಡು. ತೂಕ ನಾಲ್ಕರಲ್ಲಿ ಒಂದು ಪಾಲು ಇಳಿಯಿತು. ಮೈ ಉರಿಸುವ ಶಕ್ತಿ? ಸುಮ್ಮನೆ ಮಲಗಿದ್ದಾಗಿನ ಲೆಕ್ಕ ಸುಮಾರು ನೂರಕ್ಕೆ ನಲವತ್ತು ಕುಸಿಯಿತು! ನಾಡಿ ಮಂದವಾಯಿತು, ಬೇಸಿಗೆಯಲ್ಲೂ ಚಳಿಯಾಗತೊಡಗಿತು. ಅವರಲ್ಲಿ ಕೆಲವರು ಅಡುಗೆ ಪುಸ್ತಕ ಸಂಗ್ರಹಿಸಲು ಶುರುಮಾಡಿದರಂತೆ, ಪಾಪ. ಕಾಲು ಊದಿಕೊಂಡು ನೀರು ತುಂಬಿತು, ಕೊಬ್ಬು ಕರಗುತ್ತಿದ್ದರೂ ಆ ನೀರು ತಕ್ಕಡಿಯ ಮುಂದೆ ಅದನ್ನು ಮುಚ್ಚಿಡುತ್ತಿತ್ತು.

ಆಮೇಲೆ 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ವಂಶವಾಹಿಯನ್ನು ಪತ್ತೆಹಚ್ಚಿತು. ನಾವು ಬೈದುಕೊಳ್ಳುವ ಕೊಬ್ಬೇ ಈ ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ ಮಿದುಳಿಗೆ ದಿನಾ ಸುದ್ದಿ ಮುಟ್ಟಿಸುತ್ತಿದೆ: ದಾಸ್ತಾನು ಇಷ್ಟಿದೆ, ಖರ್ಚು ಮಾಡಬಹುದು ಅಂತ. ಊಟ ಕಡಿಮೆಯಾದ ಕೆಲವೇ ದಿನಕ್ಕೆ ಆ ಸುದ್ದಿ ಕ್ಷೀಣಿಸುತ್ತದೆ. ಮಿದುಳು ಗಾಬರಿ ಬಿದ್ದು ಕೈ ಬಿಗಿ ಮಾಡುತ್ತದೆ, ಹಸಿವು ಹೆಚ್ಚಿಸುತ್ತದೆ. ಕೈ ಬಿಗಿ ಅಂದರೆ ಎಲ್ಲಿ? ಇಲ್ಲಿ ಇನ್ನೊಂದು ಬೆರಗು ಕಾದಿದೆ. 1999ರಲ್ಲಿ ಮೇಯೋ ಕ್ಲಿನಿಕ್ಕಿನ ಜೇಮ್ಸ್ ಲೆವಿನ್ ತಂಡ 16 ಜನರಿಗೆ ಎಂಟು ವಾರ ದಿನಕ್ಕೆ ಸಾವಿರ ಕ್ಯಾಲೊರಿ ಹೆಚ್ಚು ತಿನ್ನಿಸಿತು. ಒಬ್ಬರಿಗೆ ಅರ್ಧ ಕಿಲೋನೂ ಕೊಬ್ಬು ಕೂಡಲಿಲ್ಲ, ಇನ್ನೊಬ್ಬರಿಗೆ ನಾಲ್ಕು ಕಿಲೋ ಮೀರಿತು! ಗುಟ್ಟು ಎಲ್ಲಿತ್ತು ಅಂದರೆ ಕಾಲು ಕುಣಿಸುವುದರಲ್ಲಿ, ಎದ್ದು ಓಡಾಡುವುದರಲ್ಲಿ, ನೆಟ್ಟಗೆ ಕೂರುವುದರಲ್ಲಿ. ಅದೇ ಆಟ ಊಟ ಕಡಿಮೆ ಮಾಡಿದಾಗ ತಿರುಗಿ ನಡೆಯುತ್ತದೆ. ನಮಗೇ ಗೊತ್ತಾಗದ ಹಾಗೆ ಕೂತಲ್ಲೇ ಕೂರುತ್ತೇವೆ. ನೀರು ತರಲು ಮಗನನ್ನು ಕಳಿಸುತ್ತೇವೆ. ಬೆಳಗ್ಗೆ ಕೆರೆ ಏರಿ ಮೇಲೆ ಗಳಿಸಿದ್ದನ್ನು ಸಂಜೆ ಜಗಲಿ ಮೇಲೆ ಕಳೆಯುತ್ತೇವೆ.

ಗಳಿಸಿ ಕಳೆಯುವ ಲೆಕ್ಕದ ವಿಷಯ ಬಂತು ಅಂತ ಇನ್ನೊಂದನ್ನೂ ಹೇಳಿಬಿಡಬೇಕು, ಕಹಿಯಾದರೂ. 1992ರಲ್ಲಿ ನ್ಯೂಯಾರ್ಕಿನಲ್ಲಿ, ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದವರನ್ನು ವಿಜ್ಞಾನಿಗಳು ಅಳೆದರು. ಅವರು ತಾವು ತಿಂದದ್ದರಲ್ಲಿ ಸರಿಸುಮಾರು ಅರ್ಧದಷ್ಟನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ! ಸುಳ್ಳು ಹೇಳಿದ್ದಲ್ಲ, ನೆನಪೇ ಹಾಗೆ. ಮುದ್ದೆ ಮೇಲೆ ಹಾಕಿಕೊಂಡ ಒಂದು ಚಮಚ ತುಪ್ಪಕ್ಕೆ 45 ಕ್ಯಾಲೊರಿ. ಯಾರು ಬರೆದಿಡುತ್ತಾರೆ ಅದನ್ನ?

ಇಷ್ಟು ತಿಳಿದ ಮೇಲೆ ಜಿಮ್ಮಿನವರು ಹೇಳುವ ಏರಿಳಿತದ ಊಟದ ಉಪಾಯ ನೋಡೋಣ. ಸೂತ್ರ ಬಲು ಸರಳ. ದಿನಕ್ಕೆ 2,100 ಕ್ಯಾಲೊರಿ ಬೇಕಾದವರು ದಿನಾ 1,700 ತಿಂದರೆ ವಾರಕ್ಕೆ 11,900. ಅದರ ಬದಲು ಐದು ದಿನ 1,540, ಎರಡು ದಿನ ಪೂರ್ತಿ 2,100. ಕೂಡಿಸಿ ನೋಡಿ, ಅದೇ 11,900! ವಾರದ ಲೆಕ್ಕ ಒಂದಿಷ್ಟೂ ಬದಲಾಗಲಿಲ್ಲ, ದಿನದ ತಟ್ಟೆ ಮಾತ್ರ ಏರಿತು, ಇಳಿಯಿತು. ಮೈಗೆ ಇದು ಬರಗಾಲ ಅಂತ ಖಾತ್ರಿಯಾಗುವುದಿಲ್ಲ, ಅದು ಕೈ ಬಿಗಿ ಮಾಡುವುದಿಲ್ಲ, ಮುಳ್ಳು ಮತ್ತೆ ಇಳಿಯುತ್ತದೆ ಅನ್ನುವುದು ವಾದ.

ನಿಜವೇ? ನೋಡಿದವರಿದ್ದಾರೆ. ಇರಾನಿನಲ್ಲಿ 74 ಜನರ ಮೇಲೆ ಒಂದು ಪ್ರಯೋಗ ನಡೆದು 2014ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಹನ್ನೊಂದು ದಿನ ಮಿತ ಊಟ, ಮೂರು ದಿನ ಇಷ್ಟದ ಊಟ, ಮತ್ತೆ ಹನ್ನೊಂದು, ಮತ್ತೆ ಮೂರು. ಇನ್ನೊಂದು ಗುಂಪಿಗೆ ದಿನಾ ಒಂದೇ ಮಿತ. ಏರಿಳಿತದವರ ತೂಕ ಹೆಚ್ಚು ಇಳಿಯಿತು, ಮೈಯ ಉರಿಯೂ ಕುಗ್ಗಲಿಲ್ಲ. ಆಸ್ಟ್ರೇಲಿಯಾದ ಟಾಸ್ಮೇನಿಯ ವಿಶ್ವವಿದ್ಯಾಲಯದ ನೂವಾಲ ಬರ್ನ್ ತಂಡ 2017ರಲ್ಲಿ ಪ್ರಕಟಿಸಿದ್ದು ಇನ್ನೂ ರೋಚಕ. 51 ದಪ್ಪ ಗಂಡಸರು. ಅರ್ಧ ಜನ 16 ವಾರ ಸತತವಾಗಿ ಕಡಿಮೆ ಉಂಡರು. ಉಳಿದವರು ಎರಡು ವಾರ ಕಡಿಮೆ, ಎರಡು ವಾರ ಮೈಗೆ ಬೇಕಾದಷ್ಟು, ಹೀಗೆ 30 ವಾರ ಎಳೆದರು. ಕಡಿಮೆ ಉಂಡ ವಾರಗಳು ಇಬ್ಬರಿಗೂ ಅಷ್ಟೇ, 16. ಫಲ? ಸತತದವರಿಗೆ ಸರಾಸರಿ 9 ಕಿಲೋ ಇಳಿತ, ಬಿಟ್ಟುಬಿಟ್ಟು ಉಂಡವರಿಗೆ 14 ಕಿಲೋ!

ಅಬ್ಬಾ, ಸಿಕ್ಕಿತು ಕೀಲಿಕೈ ಅಂತ ಕುಣಿಯುವಂತಾಗುತ್ತದೆ. ಸ್ವಲ್ಪ ತಡೆಯಿರಿ. ಅದೇ 2017ರಲ್ಲಿ ಷಿಕಾಗೋದಿಂದ ಬಂದ ವರದಿ ಬೇರೆಯೇ ಹೇಳಿತು. ನೂರು ಜನ, ಒಂದು ವರ್ಷ, ದಿನ ಬಿಟ್ಟು ದಿನ ಅರೆ ಉಪವಾಸ ಮಾಡಿದವರಿಗೂ ದಿನಾ ಮಿತವಾಗಿ ಉಂಡವರಿಗೂ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅದಕ್ಕೂ ಮುಂಚೆ, 2000ದಲ್ಲಿ, ಸ್ವಿಟ್ಜರ್ಲೆಂಡಿನ ಲೋಜಾನ್ ನಗರದಲ್ಲಿ ಹತ್ತು ಹೆಂಗಸರಿಗೆ ಮೂರು ದಿನ ಹಿಟ್ಟು ಸಕ್ಕರೆಯ ಪದಾರ್ಥ ಧಾರಾಳವಾಗಿ ತಿನ್ನಿಸಿದಾಗ ಲೆಪ್ಟಿನ್ ಏರಿತ್ತು, ಮೈಯ ಖರ್ಚೂ ನೂರಕ್ಕೆ ಏಳರಷ್ಟು ಏರಿತ್ತು. ಕೊಬ್ಬಿನ ಪದಾರ್ಥ ತಿನ್ನಿಸಿದಾಗ ಏರಲಿಲ್ಲ. ಮುದ್ದೆ ಉಣ್ಣುವವರಿಗೆ ಕೇಳಲು ಹಿತವಾದ ಸುದ್ದಿಯೇ. ಆದರೆ ಏಳು ಪರ್ಸೆಂಟ್ ಅಂದರೆ ದಿನಕ್ಕೆ ನೂರು ಚಿಲ್ಲರೆ ಕ್ಯಾಲೊರಿ. ಅದನ್ನು ಗಳಿಸಲು ತಿಂದದ್ದು ಅದರ ಎಷ್ಟೋ ಪಟ್ಟು. ನಷ್ಟದ ವ್ಯಾಪಾರ! ಹಬ್ಬದೂಟ ಮೈಯ ಒಲೆಯನ್ನು ಧಗಧಗ ಉರಿಸಿ ಕೊಬ್ಬು ಕರಗಿಸುತ್ತದೆ ಅನ್ನುವ ಮಾತನ್ನು ನಾನು ನಂಬುವುದಿಲ್ಲ.

ನಾನು ನಂಬುವುದು 2021ರ ಇನ್ನೊಂದು ಆಸ್ಟ್ರೇಲಿಯಾ ಪ್ರಯೋಗವನ್ನು. ವ್ಯಾಯಾಮದ ರೂಢಿಯಿದ್ದ 61 ಜನ. ಕೆಲವರು 12 ವಾರ ಒಂದೇ ಸಮನೆ ಕಡಿಮೆ ಉಂಡರು. ಕೆಲವರು ಮೂರು ವಾರಕ್ಕೊಮ್ಮೆ ಒಂದು ವಾರ ಪೂರ್ತಿ ಉಂಡರು. ಕರಗಿದ ಕೊಬ್ಬು ಇಬ್ಬರಿಗೂ ಒಂದೇ. ಆದರೆ ಬಿಡುವು ಪಡೆದವರಿಗೆ ಹಸಿವಿನ ಕಾಟ ಕಡಿಮೆ! ಇಲ್ಲೇ ಇದೆ ನೋಡಿ ವಿಷಯ. ಏರಿಳಿತದ ಊಟ ಕೊಬ್ಬನ್ನು ಮೋಸಗೊಳಿಸುವುದಿಲ್ಲ, ಮನುಷ್ಯನನ್ನು ಕಣದಲ್ಲಿ ಉಳಿಸುತ್ತದೆ. ನಾಳಿದ್ದು ಹೊಟ್ಟೆ ತುಂಬ ಉಣ್ಣುವ ದಿನ ಇದೆ ಅಂತ ಗೊತ್ತಿದ್ದವನು ಇವತ್ತು ಬೋಂಡದ ಅಂಗಡಿ ದಾಟಿ ಹೋಗಬಲ್ಲ.

ಇದು ನಮ್ಮ ಕಡೆಯ ಯಾವ ಅಜ್ಜಿಗೆ ಗೊತ್ತಿರಲಿಲ್ಲ ಹೇಳಿ! ಮರಳವಾಡಿ ಸೀಮೆಯ ಒಕ್ಕಲು ಮನೆಯ ಪಂಚಾಂಗ ತೆಗೆದು ಅದನ್ನು ಕ್ಯಾಲೊರಿ ಕಣ್ಣಿನಿಂದ ಓದಿ, ರೋಮಾಂಚನವಾಗದಿದ್ದರೆ ಕೇಳಿ. ಶನಿವಾರ ತಿಮ್ಮಪ್ಪನಿಗೋ ಆಂಜನೇಯನಿಗೋ ಒಪ್ಪತ್ತು, ಒಂದೇ ಊಟ. ಭಾನುವಾರ ನಾಟಿ ಕೋಳಿ ಸಾರು, ಮುದ್ದೆ. ಸೋಮವಾರ ಶಿವನ ವಾರ, ಮತ್ತೆ ಸೊಪ್ಪು ಸಾರು. ವಾರದ ನಡುವೆ ಉಪ್ಸಾರು, ಹುರುಳಿಕಾಳಿನ ಬಸ್ಸಾರು. ಶ್ರಾವಣ ಬಂತೆಂದರೆ ಎಷ್ಟೋ ಮನೆಗಳಲ್ಲಿ ತಿಂಗಳಿಡೀ ಬಾಡಿಲ್ಲ. ಶಿವರಾತ್ರಿಗೆ ಉಪವಾಸ, ಯುಗಾದಿಗೆ ಒಬ್ಬಟ್ಟು, ಮಾರನೇ ದಿನ ಹೊಸತೊಡಕಿಗೆ ಬೆಳಗ್ಗೆಯೇ ಮಾಂಸದಂಗಡಿ ಮುಂದೆ ಸಾಲು! ರಾಮನಗರದಲ್ಲಿ ಇವರ ಗೂಡು ಕೊಂಡು ನೂಲು ತೆಗೆಯುವ ಮುಸ್ಲಿಂ ಮನೆಗಳಲ್ಲಿ ರಂಜಾನ್ ತಿಂಗಳ ರೋಜಾ, ಸಂಜೆಯ ಇಫ್ತಾರ್. 2025ರಲ್ಲಿ ಸರ್ಕಾರ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಿಸಿತು, ಈ ಪಂಚಾಂಗವನ್ನು ಬದಲಿಸಲು ಯಾವ ಸಂಪುಟ ಸಭೆಗೂ ಸಾಧ್ಯವಿಲ್ಲ.

ತಾತನ ಕಾಲದಲ್ಲಿ ಜನ ದಪ್ಪ ಆಗದೆ ಇದ್ದದ್ದು ಒಪ್ಪತ್ತಿನಿಂದ ಮಾತ್ರ ಅಂತ ನಾನು ಹೇಳುತ್ತಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ, ಕೂತು ಕೆಲಸ ಮಾಡುವ 65 ಕಿಲೋ ಗಂಡಸಿಗೆ ದಿನಕ್ಕೆ 2,110 ಕ್ಯಾಲೊರಿ ಬೇಕು, ಮೈಮುರಿದು ದುಡಿಯುವವನಿಗೆ 3,470. ವ್ಯತ್ಯಾಸ 1,360. ನೂರು ಗ್ರಾಂ ರಾಗಿ ಹಿಟ್ಟಿಗೆ ಸುಮಾರು 320 ಅಂತ ಹಿಡಿದರೆ ನಾಲ್ಕು ಮುದ್ದೆ! ತಾತ ಹೊಲದಲ್ಲಿ ಕರಗಿಸಿದ ನಾಲ್ಕು ಮುದ್ದೆಯನ್ನು ಮೊಮ್ಮಗ ಬೈಕಿನಲ್ಲಿ ಕೂತು ಕರಗಿಸಲಾರ. ಹಬ್ಬ ಉಳಿಯಿತು, ಒಪ್ಪತ್ತು ಹೋಯಿತು, ಹೊಲ ಲೇಔಟ್ ಆಯಿತು. ಈಗ ಶನಿವಾರವೂ ಸಂಜೆ ಗೋಬಿ.

ಹಾಗಾದರೆ ಮುಳ್ಳು ನಿಂತವರು ಮಾಡುವುದೇನು? ಹಳೇ ವಾರದ ಏರಿಳಿತವನ್ನು ವಾಪಸ್ ತರುವುದು. ಸೋಮವಾರದಿಂದ ಶುಕ್ರವಾರದವರೆಗೆ ಹೊತ್ತಿಗೊಂದು ಮುದ್ದೆ, ಬಟ್ಟಲು ತುಂಬ ಮೊಳಕೆ ಹುರುಳಿ ಸಾರು, ಸೊಪ್ಪಿನ ಪಲ್ಯ. ಕಾಳು, ಮೊಟ್ಟೆ, ಮಜ್ಜಿಗೆಯಲ್ಲಿ ಜಿಪುಣತನ ಬೇಡ, ಇಲ್ಲದಿದ್ದರೆ ಕರಗುವುದು ಮಾಂಸಖಂಡ. ವಾರಕ್ಕೆರಡು ದಿನ ಪೂರ್ತಿ ಊಟ. ಪೂರ್ತಿ ಅಂದರೆ ಮೈಗೆ ಬೇಕಾದಷ್ಟು, ಅದಕ್ಕಿಂತ ಹೆಚ್ಚಲ್ಲ. ಇಲ್ಲೇ ಎಲ್ಲರೂ ಜಾರುವುದು. ಐದು ದಿನ ಉಳಿಸಿದ 2,800 ಕ್ಯಾಲೊರಿಯನ್ನು ಒಂದು ಬೀಗರೂಟ, ಅದರ ಹಿಂದೆ ಒಂದು ಬಾಟಲಿ ಸುಲಭವಾಗಿ ನುಂಗಿಹಾಕಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಒಪ್ಪತ್ತಿಗೆ ಇಳಿಯಬಾರದು, ಸಕ್ಕರೆ ದಿಢೀರ್ ಇಳಿದು ಬಿದ್ದಾರು. ಬಸುರಿ, ಬಾಣಂತಿ, ಬೆಳೆಯುವ ಮಕ್ಕಳಿಗೆ ಈ ಆಟವೇ ಬೇಡ.

ಕೊನೆಗೆ ತಕ್ಕಡಿ. ಭಾನುವಾರ ಬಾಡೂಟ ಉಂಡು ಸೋಮವಾರ ಬೆಳಗ್ಗೆ ತೂಕದ ಯಂತ್ರ ಹತ್ತಿದವರ ಎದೆ ಧಸಕ್ಕೆನ್ನುತ್ತದೆ: ಒಂದು ಕಿಲೋ ಇನ್ನೂರು ಗ್ರಾಂ ಏರಿಕೆ! ಕೊಬ್ಬೇ? ಒಂದು ಕಿಲೋ ಮೈಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. ಆ ಲೆಕ್ಕದಲ್ಲಿ ನೀವು ಭಾನುವಾರ ನಿಮ್ಮ ಊಟದ ಮೇಲೆ ಇನ್ನೂ ಇಪ್ಪತ್ತೊಂಬತ್ತು ಮುದ್ದೆ ಉಂಡಿರಬೇಕು! ಆಗಿರುವುದು ಇಷ್ಟೇ: ಖಾಲಿಯಾಗಿದ್ದ ಮಾಂಸಖಂಡ, ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ಪಿಷ್ಟ ಮತ್ತೆ ತುಂಬಿದೆ, ಅದರ ಒಂದೊಂದು ಗ್ರಾಮೂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿದೆ. ಮುನ್ನೂರು ಗ್ರಾಂ ಪಿಷ್ಟ, ಒಂಬೈನೂರು ಗ್ರಾಂ ನೀರು, ಲೆಕ್ಕ ಸರಿಹೋಯಿತು. ಸಾರಿನ ಉಪ್ಪು ಹಿಡಿದ ನೀರು ಬೇರೆ. ಬುಧವಾರದ ಹೊತ್ತಿಗೆ ಬಹುಪಾಲು ಹೋಗಿರುತ್ತದೆ. ಆದ್ದರಿಂದ ಯಂತ್ರ ಹತ್ತುವುದು ಶುಕ್ರವಾರ ಬೆಳಗ್ಗೆ, ಬಯಲಿಗೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮುಂಚೆ. ಈ ಶುಕ್ರವಾರವನ್ನು ಹೋದ ಶುಕ್ರವಾರದ ಜೊತೆಗೂ ಹೋಲಿಸಬೇಡಿ, ಹೋದ ತಿಂಗಳ ಶುಕ್ರವಾರದ ಜೊತೆ ಹೋಲಿಸಿ. ಆಗಲೂ ಮುಳ್ಳು ಅಲ್ಲೇ ನಿಂತಿದ್ದರೆ ತುಪ್ಪದ ಚಮಚ ಎಣಿಸಿ.